ಉಪ್ಪಿನ ಡಬ್ಬಿಯ ಇಟಲಿ

ಸಿಂಧನೂರಿನ ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯ ಮೇಲೆ ‘ಸಾಲೆ’ ಎಂಬ ಚೀಟಿ ಅಂಟಿಕೊಂಡಿದೆ. ಇಟಾಲಿಯನ್ನಿನಲ್ಲಿ ಸಾಲೆ ಎಂದರೆ ಉಪ್ಪು. ನೀರಿನ ಕೊಡಕ್ಕೆ ‘ಆಕ್ವಾ’, ಬಾಗಿಲಿಗೆ ‘ಪೋರ್ತಾ’. ದಿನಕ್ಕೊಂದು ಪದ, ಪದಕ್ಕೊಂದು ಚೀಟಿ. ಜೀವಮಾನವೆಲ್ಲ ಮಕ್ಕಳಿಂದ ಬಾಯಿಪಾಠ ಒಪ್ಪಿಸಿಕೊಂಡ ಈ ನಿವೃತ್ತ ಮೇಷ್ಟ್ರ ಪ್ರತಿಭೆ ಎಂಥದೆಂದರೆ, ಬೆಳಿಗ್ಗೆ ಕಂಠಸ್ಥವಾದ ಪದ ಮಧ್ಯಾಹ್ನದ ನಿದ್ರೆಯಲ್ಲಿ ನಿರ್ನಾಮವಾಗಿರುತ್ತದೆ.

“ನಾಳಿ ನನ್ನ ಹಣಿಗೂ ಒಂದು ಹಚ್ತೀರೇನ್ರೀ?” ಎಂದು ಹೆಂಡತಿ ಶಾಂತಾ ಕೇಳುತ್ತಾಳೆ. ನೀವೂ ನಗಬಹುದು. ಆದರೆ ಇದರ ಹಿಂದೆ ರೋಸಮ್ಮ ಇದ್ದಾಳೆ.

ನನ್ನ ಬಾಲ್ಯದಲ್ಲಿ, ಲಿಂಗಸುಗೂರಿನ ನಮ್ಮ ಮನೆಯ ಪಕ್ಕದ ದವಾಖಾನೆಗೆ ಇಟಲಿಯಿಂದ ಬಂದ ಸಿಸ್ಟರ್ ಆಕೆ. ಸಂಜೆಯಾದರೆ ನಮ್ಮ ಒಲೆಯ ಮುಂದೆ ಕೂತು ಅವ್ವನಿಂದ ಜೋಳದ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದಳು. ಅವ್ವನ ಕರಾರು ಒಂದೇ: ದಿನಕ್ಕೊಂದು ಹೊಸ ಕನ್ನಡ ಮಾತು ಒಪ್ಪಿಸಿದ ಮೇಲೆಯೇ ಹಿಟ್ಟಿಗೆ ಕೈ ಹಚ್ಚಬೇಕು. ಹೀಗೆ ಕೂಡಿಟ್ಟ ಮಾತುಗಳಿಂದಲೇ ರೋಸಮ್ಮ ಮಸ್ಕಿಯ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವಷ್ಟು ಪ್ರವೀಣೆಯಾದಳು. ಅವ್ವನ ಶಿಷ್ಯೆಯಲ್ಲವೇ, ದೊಡ್ಡ ಡಾಕ್ಟರನ್ನೂ “ಉಂಡೇನೋ ಯಪ್ಪಾ?” ಎಂದೇ ವಿಚಾರಿಸುತ್ತಿದ್ದಳು.

ನನಗೆ ವಿಷಮಜ್ವರ ಬಂದು ಮನೆಯವರೆಲ್ಲ ಆಸೆ ಬಿಟ್ಟಾಗ, ಹಗಲೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವಳು ಆಕೆ. ಬದುಕಿಕೊಂಡೆ. ಆದರೆ ಉಪಕಾರ ಮಾಡಿದವರಿಗೆ ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿ ಎಲ್ಲಿದೆ? ಹೇಳದೆಯೇ ಉಳಿದೆ, ಆಕೆ ತನ್ನ ದೇಶಕ್ಕೆ ಹೋದಳು, ಅವ್ವನೂ ಹೋದಳು.

ಹೋದ ವರ್ಷ ರೋಸಮ್ಮನ ತಂಗಿಯ ಮಗಳಿಂದ ಕಾಗದ ಬಂತು. ರೋಸಮ್ಮನಿಗೆ ತನ್ನವರು ಯಾರೆಂಬುದೂ ಗುರುತಿಲ್ಲದಂಥ ಮರೆವಿನ ಕಾಯಿಲೆ. ಕಲಿತ ಕನ್ನಡವೆಲ್ಲ ಅಳಿಸಿಹೋಗಿ ಹುಟ್ಟುಭಾಷೆಯಷ್ಟೇ ಉಳಿದಿದೆಯಂತೆ, ಅದೂ ಸವೆಯುತ್ತಿದೆಯಂತೆ. ಅದು ಪೂರ್ತಿ ಸವೆಯುವ ಮೊದಲು, ಆ ಭಾಷೆಯಲ್ಲೇ ನನ್ನ ಕೃತಜ್ಞತೆಯನ್ನು ಹೇಳಿಬಿಡಬೇಕೆಂಬ ಹಟದಿಂದ ಈ ಚೀಟಿಗಳು ಹುಟ್ಟಿದವು.

ಮೊನ್ನೆ ಸಂಜೆ ವಿಡಿಯೋ ಕರೆಯಲ್ಲಿ ಆಕೆ ಕಾಣಿಸಿಕೊಂಡಳು. ‘ನಾನು ಲಿಂಗಸುಗೂರಿನ ಹುಡುಗ, ನನ್ನನ್ನು ಬದುಕಿಸಿದ್ದು ನೀವು’ ಎಂದು ಇಟಾಲಿಯನ್ನಿನಲ್ಲಿ ತಡವರಿಸುತ್ತ ಹೇಳಿದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತನನ್ನು ನೋಡುವಂತೆ ಸೌಜನ್ಯದಿಂದ ನೋಡಿದಳು, ಅಷ್ಟೆ. ಮತ್ತೊಮ್ಮೆ ಹೇಳಿದೆ. ಕೂಡಿಟ್ಟ ಪದಗಳೆಲ್ಲ ತೀರಿಹೋದವು.

ಅಷ್ಟರಲ್ಲಿ ಹಿಂದೆ ಶಾಂತಾ ರೊಟ್ಟಿ ಬಡಿಯತೊಡಗಿದಳು. ಆ ಸದ್ದಿಗೆ ರೋಸಮ್ಮ ಕತ್ತೆತ್ತಿದಳು. ಹೊದಿಕೆಯ ಮೇಲಿದ್ದ ಆಕೆಯ ಅಂಗೈ ಮೆಲ್ಲಗೆ ಬಡಿಯಿತು, ಬಡಿದು ತಿರುಗಿಸಿತು, ಮತ್ತೆ ಬಡಿಯಿತು. ಥೇಟ್ ಅವ್ವನ ಲಯ. ಮುಖದ ತುಂಬ ನಗು. ನಾನು ಮಗುವಿನಂತೆ ಅತ್ತುಬಿಟ್ಟೆ.

“ನಾದಿದ್ದ ಹಿಟ್ಟು ಮುಗದೈತ್ರೀ,” ಎಂದಳು ಶಾಂತಾ. ನನ್ನ ಮುಖ ನೋಡಿ, ಮತ್ತಷ್ಟು ಹಿಟ್ಟು ತೆಗೆದು ನಾದಿದಳು.

ದಿನಕ್ಕೊಂದು ಪದ ಈಗಲೂ ಬಿಟ್ಟಿಲ್ಲ. ಆದರೆ ಭಾನುವಾರದ ಸಂಜೆ ರೋಸಮ್ಮನಿಗೆ ವಿಡಿಯೋ ಕರೆ ಮಾಡಿ, ಫೋನನ್ನು ರೊಟ್ಟಿ ಬಡಿಯುವ ಕಲ್ಲಿನ ಎದುರು ಉಪ್ಪಿನ ಡಬ್ಬಿಗೆ ಆನಿಸಿ ಇಡುತ್ತೇನೆ. ‘ಸಾಲೆ’ ಅದರ ಹಿಂದೆ ಮರೆಯಾಗುತ್ತದೆ. ನಾನು ಸುಮ್ಮನೆ ಕೂರುತ್ತೇನೆ.