ಬೆನ್ನು ತಟ್ಟಿದ ಸದ್ದು

2022ರಲ್ಲಿ ನಾನು ಗದಗಿನ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹರೆಯದಲ್ಲಿ ಜೂಡೊ ಆಡಿದವಳು ನಾನು. ಐವತ್ತರ ಹತ್ತಿರ ಬಂದ ಮೇಲೆ ಸುಮ್ಮನಿರಲಾರದೆ ರಜೆ ರಜೆಗೂ ಪುಣೆಗೆ ಹೋಗಿ ಬ್ರೆಜಿಲಿಯನ್ ಜಿಯು ಜಿಟ್ಸು ಕಲಿತು, ಕಪ್ಪು ಬೆಲ್ಟಿಗೆ ಎರಡು ಮೆಟ್ಟಿಲು ಕೆಳಗಿನ ನೇರಳೆ ಬೆಲ್ಟ್‌ವರೆಗೆ ಬಂದಿದ್ದೆ. ಬೆಟಗೇರಿಯಲ್ಲಿ ಮಗ್ಗಗಳನ್ನು ಕಿತ್ತ ಒಂದು ಹಳೆಯ ಶೆಡ್ಡು ಸಿಕ್ಕಿತು. ಅಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ದೊಡ್ಡವರಿಗಾಗಿ ತರಗತಿ ನಡೆಸುತ್ತಿದ್ದೆ. ಹದಿನಾಲ್ಕು ಜನ ಬರುತ್ತಿದ್ದರು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಗುದ್ದು, ಒದೆತ ಇಲ್ಲ. ನೆಲದ ಮೇಲೆ ಹಿಡಿತ ಹಾಕಿ, ಕೈಕಾಲಿನ ಕೀಲು ತಿರುಗಿಸಿ ಅಥವಾ ಕುತ್ತಿಗೆ ಒತ್ತಿ, ಎದುರಿನವರು ಸೋಲೊಪ್ಪುವಂತೆ ಮಾಡಬೇಕು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಆಟ ಮುಗಿಯಿತು. ಇಲ್ಲಿ ಅರ್ಧ ಆಟ ಶುರುವಾಗುವುದೇ ಅಲ್ಲಿಂದ. ಸೋಲೊಪ್ಪಲು ಒಂದು ಸನ್ನೆ ಇದೆ, ಅದಕ್ಕೆ ಟ್ಯಾಪ್ ಎನ್ನುತ್ತಾರೆ. ಕೈಯಿಂದ ಚಾಪೆಯನ್ನೋ ಎದುರಿನವರ ಮೈಯನ್ನೋ ಎರಡು ಮೂರು ಸಲ ತಟ್ಟಿದರೆ ಆಯಿತು. ಹಿಡಿದವರು ಆ ಕ್ಷಣ ಕೈಬಿಡಬೇಕು. ಬಿಡುತ್ತಾರೆ ಎಂಬ ನಂಬಿಕೆ ಇಲ್ಲದಿದ್ದರೆ ಯಾರೂ ಇನ್ನೊಬ್ಬರ ಕೈಗೆ ತಮ್ಮ ಕೊರಳು ಕೊಡುವುದಿಲ್ಲ.

ಮೊದಲ ವಾರವೇ ಒಬ್ಬರು, “ಟ್ಯಾಪ್ ಅಂದ್ರ ನಳಾ ಅಲ್ರೀ ಅಕ್ಕಾರ?” ಎಂದು ಕೇಳಿ ಎಲ್ಲರನ್ನೂ ನಗಿಸಿದ್ದರು. ಅಂದಿನಿಂದ ನಾನು ಎಲ್ಲ ಪಟ್ಟುಗಳನ್ನೂ ಕನ್ನಡದಲ್ಲೇ ಹೇಳಿಕೊಡತೊಡಗಿದೆ. ಪುಣೆಯವರಿಗೂ ಆಗದ ಕೆಲಸ ಮಾಡುತ್ತಿದ್ದೇನೆ ಎಂಬ ಹಮ್ಮು ನನಗೆ ಚೆನ್ನಾಗಿಯೇ ಇತ್ತು.

ಆ ಹದಿನಾಲ್ಕು ಜನರಲ್ಲಿ ಇಬ್ಬರ ಬಗ್ಗೆ ಹೇಳಬೇಕು. ವೀಣಾ ಅಸುಂಡಿಯ ಶಾಲೆಯಲ್ಲಿ ಶಿಕ್ಷಕಿ, ಮೂವತ್ತೆಂಟು ವಯಸ್ಸು. ತವರು ಲಕ್ಷ್ಮೇಶ್ವರದ ಅರ್ಚಕರ ಮನೆ. ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ ಆಕೆ, “ನನಗ ಯಾರಿಗೂ ಬ್ಯಾಡ ಅನ್ನಲಿಕ್ಕೆ ಬರಂಗಿಲ್ಲರೀ. ಅದನ್ನ ಕಲೀಬೇಕಾಗೇದ,” ಎಂದಿದ್ದರು. ಶಾಲೆಯಲ್ಲಿ ಎಲ್ಲರ ಕೆಲಸ ತನ್ನ ಮೇಜಿಗೆ ಬರುತ್ತದೆ ಎಂದು ನಗುತ್ತಲೇ ಹೇಳಿಕೊಂಡಿದ್ದರು. ಇನ್ನೊಬ್ಬಳು ರೇಣುಕಾ, ಇಪ್ಪತ್ನಾಲ್ಕರ ಹುಡುಗಿ, ಡೋಣಿಯ ಹನಮಪ್ಪ ಪೈಲ್ವಾನರ ಮಗಳು. ಅಪ್ಪನ ಗರಡಿಯ ಕೆಮ್ಮಣ್ಣಿನಲ್ಲಿ ಬೆಳೆದವಳು. ಬೆಟಗೇರಿಯಲ್ಲಿ ಚಿಕ್ಕವ್ವನ ಮನೆಯಲ್ಲಿದ್ದುಕೊಂಡು ನನ್ನ ತರಗತಿ ಸೇರಿ ಮೂರು ವಾರವಾಗಿತ್ತು. ಅವಳ ಹಿಡಿತ ನೋಡಿ ನಾನು ಒಳಗೊಳಗೇ ಹಿಗ್ಗಿದ್ದೆ. ಇಂಥ ಶಿಷ್ಯೆ ಸಿಗಬೇಕೆಂದೇ ಕಾದು ಕೂತಿದ್ದೆ ಅಂದರೂ ತಪ್ಪಿಲ್ಲ.

ಆ ಭಾನುವಾರ ಮೊದಲ ಬಾರಿಗೆ ಗಿಲೊಟಿನ್ ಕಲಿಸಿದೆ. ಎದುರಿನವರ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಮುಂಗೈಯನ್ನು ಗಂಟಲ ಕೆಳಗೆ ತಂದು ಮೇಲಕ್ಕೆ ಬಿಗಿಯುವ ಪಟ್ಟು ಅದು. ಕುತ್ತಿಗೆಯ ಎರಡು ಬದಿಯ ರಕ್ತನಾಳ ಒತ್ತಿದರೆ ಎಂಟು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಕೂಡಲೇ ಬಿಟ್ಟರೆ ಸಾಮಾನ್ಯವಾಗಿ ಬೇಗನೇ ಮರಳುತ್ತದೆ. ಬಿಡದಿದ್ದರೆ ಏನಾಗುತ್ತದೆ ಎಂಬುದನ್ನು ಯಾವ ತರಬೇತುದಾರರೂ ನೋಡಲು ಬಯಸುವುದಿಲ್ಲ.

ಕಾಲೇಜಿನ ಪಿ.ಟಿ. ರೂಢಿಯಂತೆ ಜನರನ್ನು ಎರಡು ಸಾಲು ಮಾಡಿದೆ. ಹಿಡಿಯುವವರ ಸಾಲಿಗೆ ಹಿಡಿತ ಹೇಗೆಂದು ತೋರಿಸಿದೆ. ಆಮೇಲೆ ಹಿಡಿಸಿಕೊಳ್ಳುವವರ ಸಾಲಿಗೆ ಬಂದು, “ಇದರಾಗ ಚಾಪಿ ಕೈಗೆ ಸಿಗೂದಿಲ್ಲ. ಸಾಕಾತು ಅಂದ್ರ ಅವರ ಬೆನ್ನು ತಟ್ಟಿಬಿಡ್ರಿ,” ಎಂದೆ. ಅಲ್ಲಿಯವರೆಗೆ ನಾವು ಮಾಡಿದ್ದೆಲ್ಲ ಕೈಯ ಪಟ್ಟುಗಳು, ಎಲ್ಲರೂ ಚಾಪೆಯನ್ನೇ ತಟ್ಟುತ್ತಿದ್ದರು.

ಎಂಟೂವರೆ ದಾಟಿತ್ತು. ವೀಣಾ ಮತ್ತು ರೇಣುಕಾ ಗೋಡೆಯ ಬದಿಗೆ ಜೋಡಿಯಾಗಿದ್ದರು. ನಾನು ಅವರಿಗೆ ಬೆನ್ನು ಹಾಕಿ, ಮುಂಡರಗಿಯಿಂದ ಬರುತ್ತಿದ್ದ ಬೀಜದಂಗಡಿಯ ಬಸವರಾಜನ ಹಿಡಿತ ತಿದ್ದುತ್ತಿದ್ದೆ. ಹಿಂದೆ ಪಟ್ ಪಟ್ ಎಂದು ತಟ್ಟಿದ ಸದ್ದು ಕೇಳಿತು. ತಟ್ಟಿದರು, ಬಿಟ್ಟಿರುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಬಸವರಾಜನ ಕೈ ಸರಿಯಾಗಿ ಕೂತಿತು. “ಶಾಬಾಸ್! ಹಂಗ ಹಿಡಿ, ಬಿಡಬ್ಯಾಡ!” ಎಂದು ಶೆಡ್ಡು ಗುಂಯ್‌ಗುಡುವಂತೆ ಕೂಗಿದೆ. ಮತ್ತೆ ತಟ್ಟಿದ ಸದ್ದು, ಈ ಸಲ ಅವಸರದ್ದು. ಆಮೇಲೆ ಸದ್ದೇ ಇಲ್ಲ.

ಆ ಮೌನಕ್ಕೆ ತಿರುಗಿ ನೋಡಿದೆ. ವೀಣಾರ ಎರಡೂ ಕೈ ಜೋತುಬಿದ್ದಿದ್ದವು, ಕಾಲ್ಬೆರಳು ಚಾಪೆಯ ಮೇಲೆ ಅದುರುತ್ತಿದ್ದವು. ರೇಣುಕಾ ಕಣ್ಣು ಮುಚ್ಚಿ ಹಲ್ಲು ಕಚ್ಚಿ ಇನ್ನೂ ಬಿಗಿಯುತ್ತಿದ್ದಳು. “ಬಿಡಲೇ!” ಎಂದು ಕಿರುಚಿ ಓಡಿದೆ. ಅವಳ ಬೆರಳುಗಳನ್ನು ನಾನೇ ಬಿಡಿಸಿದೆ. ವೀಣಾರ ಮುಖ ಊದಾ ಬಣ್ಣಕ್ಕೆ ತಿರುಗಿತ್ತು. ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿದು ಹೆಸರು ಕರೆದೆ. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತಮೂರಕ್ಕೆ ಆಕೆ ಕಣ್ಣು ತೆರೆದರು. ಏನೋ ಹೇಳಲು ಬಾಯಿ ತೆರೆದರೆ ಧ್ವನಿ ಬರಲಿಲ್ಲ. “ಎಡಗೈ ಎತ್ರಿ,” ಅಂದೆ. ಬಲಗೈ ಎತ್ತಿದರು. ಎಡಗೈ ಚಾಪೆಯ ಮೇಲೆ ಹಾಗೇ ಬಿದ್ದಿತ್ತು.

ಬಸವರಾಜನ ಕಾರಿನಲ್ಲಿ ಗದಗಿನ ಆಸ್ಪತ್ರೆಗೆ ಹನ್ನೆರಡು ನಿಮಿಷ. ದಾರಿಯುದ್ದಕ್ಕೂ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ಆ ಎಡಗೈಯನ್ನು ಹಿಡಿದು, ಒತ್ತಿ, ತಿರುಗಿ ಒತ್ತಲಿ ಎಂದು ಕಾಯುತ್ತಿದ್ದೆ. ಅದು ತಣ್ಣಗಿತ್ತು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಈಗಲೂ ನಾಚಿಕೆ. ತುರ್ತು ವಿಭಾಗದ ಯುವ ವೈದ್ಯರು, “ಏನಾಯಿತು?” ಎಂದು ಕೇಳಿದರು. ನನ್ನ ಬಾಯಿಂದ, “ಕಾಲು ಜಾರಿ ಬಿದ್ದರು,” ಎಂಬ ಮಾತು ಬಂತು. ಯಾರೂ ಹೇಳಿಕೊಟ್ಟಿರಲಿಲ್ಲ. ಪೊಲೀಸ್ ಕೇಸು, ಪೇಪರಿನಲ್ಲಿ ಹೆಸರು, ತರಗತಿಗೆ ಬೀಗ, ಎರಡು ವರ್ಷದಲ್ಲಿ ಬರಬೇಕಾದ ಮರ್ಯಾದೆಯ ಬೀಳ್ಕೊಡುಗೆ, ಎಲ್ಲವೂ ಒಂದೇ ಕ್ಷಣದಲ್ಲಿ ಕಣ್ಮುಂದೆ ಬಂದು ಹೋದವು. ವೈದ್ಯರು ತಲೆಯ ಹಿಂಭಾಗ ತಡವಿ ನೋಡಿ, ತಲೆಯ ಸ್ಕ್ಯಾನ್‌ಗೆ ಚೀಟಿ ಬರೆದರು. ವಾರ್ಡ್‌ಬಾಯ್ ಸ್ಟ್ರೆಚರ್ ತಳ್ಳಿದ. ವೀಣಾ ಮಾತಾಡಲಾರದೆ ನನ್ನ ಕಡೆಗೇ ನೋಡುತ್ತಿದ್ದರು.

ಸ್ಟ್ರೆಚರ್ ಬಾಗಿಲು ದಾಟುವಷ್ಟರಲ್ಲಿ ನಾನು ಅದರ ಕಂಬಿ ಹಿಡಿದೆ.

“ಡಾಕ್ಟ್ರೇ, ನಾ ಸುಳ್ಳು ಹೇಳಿದೆ. ಇವರು ಬಿದ್ದಿಲ್ಲ. ಕುತ್ತಿಗಿ ಒತ್ತಿದ್ದು. ಪ್ರಜ್ಞಾ ತಪ್ಪಿದ ಮ್ಯಾಲೂ ಐದಾರು ಸೆಕೆಂಡ್ ಒತ್ತಿದ್ದು.”

ಅವರು ನನ್ನನ್ನು ಒಮ್ಮೆ ನೋಡಿದರು. ಆ ನೋಟ ಮರೆಯುವಂಥದ್ದಲ್ಲ. ಚೀಟಿ ಹರಿದು, ಕುತ್ತಿಗೆಯ ರಕ್ತನಾಳಗಳ ಸ್ಕ್ಯಾನ್ ಎಂದು ಬೇರೆ ಬರೆದರು. ಒತ್ತಡಕ್ಕೆ ನಾಳದ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು, ಪಾರ್ಶ್ವವಾಯು ಆಗಬಹುದು, ತಲೆಯನ್ನಷ್ಟೇ ನೋಡಿದ್ದರೆ ಅದು ತಪ್ಪಿಹೋಗುತ್ತಿತ್ತು ಎಂದರು. ಕುತ್ತಿಗೆ ಒತ್ತಿದ ಪ್ರಕರಣವಾದ್ದರಿಂದ ಪೊಲೀಸರಿಗೆ ತಿಳಿಸಲೇಬೇಕು ಎಂದೂ ಹೇಳಿದರು.

ಹೊರಗೆ ಕಾರಿಡಾರಿನಲ್ಲಿ ರೇಣುಕಾ ನಿಂತಿದ್ದಳು. ಆಟೋ ಹಿಡಿದು ಹಿಂದೆಯೇ ಬಂದಿದ್ದಳು. ನನ್ನ ಹೆದರಿಕೆಯೆಲ್ಲ ಸಿಟ್ಟಾಗಿ ಅವಳ ಮೇಲೆ ಬಿತ್ತು.

“ಅವರು ತಟ್ಟಿದ್ದು ಕೇಳಿಸಲಿಲ್ಲೇನ ನಿನಗ?”

“ಕೇಳಿಸ್ತರಿ ಅಕ್ಕಾರ. ತಟ್ಟಿದ್ರಲ್ಲಾ, ಅದಕ್ಕ ನಾ...”

“ಕೇಳಿಸಿದ ಮ್ಯಾಲೂ ಬಿಡಲಿಲ್ಲ? ಗರಡಿ ಸೊಕ್ಕು ಇಲ್ಲಿ ತೋರಿಸಾಕ ಬಂದಿಯೇನ? ಇನ್ನ ನನ್ನ ಕ್ಲಾಸಿಗೆ ಕಾಲಿಡಬ್ಯಾಡ.”

ಅವಳ ಮಾತು ಅರ್ಧಕ್ಕೇ ನಿಂತಿತು. ಅದನ್ನು ಪೂರ್ತಿ ಕೇಳುವ ವ್ಯವಧಾನ ನನಗಿರಲಿಲ್ಲ.

ವೀಣಾರ ಪತಿ ಶ್ರೀಪಾದ ಲಕ್ಷ್ಮೇಶ್ವರದಲ್ಲಿದ್ದರು, ಅತ್ತೆಯ ಮನೆಯ ಪೂಜೆಗೆ ಹೋದವರು ಮಡಿಯ ಪಂಚೆಯಲ್ಲೇ ಬಂದರು. ನಡೆದದ್ದನ್ನು ಹೇಳಿದೆ. ಅವರು ಕೂಗಾಡಲಿಲ್ಲ. “ನಿಮ್ಮ ಕಣ್ಣೆದುರಿಗೇ ಆಗೇದೇನ್ರಿ ಇದು?” ಎಂದಷ್ಟೇ ಕೇಳಿದರು. “ನನ್ನ ಬೆನ್ನ ಹಿಂದ,” ಎಂದೆ. ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕುಳಿತೆವು. ಸ್ಕ್ಯಾನ್ ವರದಿ ಬರಲು ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯಲ್ಲಿ ನಾನು ದೇವರಿಗೆ ಏನೇನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ.

ನಾಳ ಹರಿದಿರಲಿಲ್ಲ. ಗಂಟಲು ಊದಿಕೊಂಡಿತ್ತು. ಎಡಗೈಗೆ ಮಧ್ಯಾಹ್ನದ ಹೊತ್ತಿಗೆ ಬಲ ಬಂತು. ಒಂದು ದಿನ ನಿಗಾದಲ್ಲಿ ಇಡುತ್ತೇವೆ ಎಂದರು. ಶ್ರೀಪಾದ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳಬೇಕೆನಿಸಿತು, ಆದರೆ ಅವರೆದುರು ಅಳುವ ಹಕ್ಕು ನನಗಿರಲಿಲ್ಲ.

ಮೂರು ಗಂಟೆಗೆ ಹವಾಲ್ದಾರರು ಹೇಳಿಕೆ ಬರೆದುಕೊಳ್ಳಲು ಬಂದರು. ತಲೆ ನರೆತ ಮನುಷ್ಯ, ಮೂಗಿನ ತುದಿಯಲ್ಲಿ ಚಾಳೀಸು. ಹಾಸಿಗೆಯ ಒಂದು ಬದಿಗೆ ಶ್ರೀಪಾದ, ಇನ್ನೊಂದು ಬದಿಗೆ ನಾನು. ರೇಣುಕಾಳನ್ನೂ ಕರೆಸಿದ್ದರು. ಅವಳು ಬಾಗಿಲ ಹತ್ತಿರ ನೆಲ ನೋಡುತ್ತಾ ನಿಂತಳು. ವೀಣಾ ಏನು ಹೇಳುತ್ತಾರೋ ಅದರ ಮೇಲೆ ಆ ಹುಡುಗಿಯ ಮೇಲೆ ಕೇಸು ಆಗುವುದೋ ಇಲ್ಲವೋ ಎಂಬುದು ನಿಂತಿತ್ತು.

ವೀಣಾ ಗಾಳಿಯಂಥ ಧ್ವನಿಯಲ್ಲಿ ಹೇಳಿದರು: “ನಾ ಆಕಿ ಬೆನ್ನು ತಟ್ಟಿದೆ. ಆಕಿ ಇನ್ನೂ ಒತ್ತಿದ್ಲು. ಮತ್ತ ತಟ್ಟಿದೆ. ಮತ್ತೂ ಒತ್ತಿದ್ಲು.”

ಶ್ರೀಪಾದ ಎದ್ದು ನಿಂತರು. ಹವಾಲ್ದಾರರು ಬರೆಯುವುದನ್ನು ನಿಲ್ಲಿಸಿ ಚಾಳೀಸಿನ ಮೇಲಿಂದ ನೋಡಿದರು.

“ಅಲ್ರೀ ಬಾಯಾರ, ಬೆನ್ನು ತಟ್ಟಿದ್ರ ಯಾರರೆ ಬಿಡ್ತಾರೇನ್ರಿ? ನಮ್ಮ ಸಾಹೇಬ್ರು ನನ್ನ ಬೆನ್ನು ತಟ್ಟಿದ್ರ ನಾ ಇನ್ನೂ ನಾಕ್ ತಾಸು ಡ್ಯೂಟಿ ಮಾಡ್ತೀನಿ!”

ಯಾರೂ ನಗಲಿಲ್ಲ. ಬಾಗಿಲ ಕಡೆಯಿಂದ ರೇಣುಕಾಳ ಧ್ವನಿ ಬಂತು.

“ಅಪ್ಪ ನನಗ ಪಟ್ಟು ಹೇಳಿಕೊಡುವಾಗ ತಾನೇ ಕೆಳಗ ಬೀಳ್ತಿದ್ದರಿ. ನಾ ಚಲೋ ಹಿಡದ್ರ ಕೆಳಗಿನಿಂದನ ಬೆನ್ನು ತಟ್ಟತಿದ್ದ, ಇನ್ನೂ ಜೋರ್ ಹಾಕು ಅಂತ. ವೀಣಾ ಬಾಯಾರು ತಟ್ಟಿದ್ರು, ನಾನೂ ಹಂಗ ಅನಕೊಂಡೆ. ಮ್ಯಾಲೆ ಅಕ್ಕಾರೂ ಶಾಬಾಸ್, ಬಿಡಬ್ಯಾಡ ಅಂದ್ರು.”

ಬೆಳಿಗ್ಗೆ ಕಾರಿಡಾರಿನಲ್ಲಿ ನಾನು ಕತ್ತರಿಸಿದ ಮಾತು ಇದೇ ಆಗಿತ್ತು. ಬೆನ್ನು ತಟ್ಟಿದರೆ ಬಿಡಬೇಕೆಂದು ನಾನು ಹೇಳಿದ್ದು ಹಿಡಿಸಿಕೊಳ್ಳುವವರ ಸಾಲಿಗೆ ಮಾತ್ರ. ಹಿಡಿಯುವವರ ಸಾಲಿಗೆ ಹೇಳಿರಲೇ ಇಲ್ಲ. ಟ್ಯಾಪ್ ಎಂಬ ಪರಭಾಷೆಯ ಮಾತನ್ನು ಬಿಟ್ಟು, ಅದರ ಜಾಗಕ್ಕೆ ಇಡೀ ಕನ್ನಡ ನಾಡು ಹುರಿದುಂಬಿಸಲು ಬಳಸುವ ಮಾತನ್ನೇ ತಂದಿಟ್ಟಿದ್ದೆ. ಅದನ್ನು ಕಂಡುಹಿಡಿಯಲು ಜಿಯು ಜಿಟ್ಸು ಎಂದರೇನೆಂದು ಗೊತ್ತಿಲ್ಲದ ಒಬ್ಬ ಹವಾಲ್ದಾರರು ಬೇಕಾದರು.

“ಸಾಹೇಬ್ರ, ಬರಕೋಳ್ರಿ,” ಎಂದೆ. “ಈ ಹುಡುಗಿ ತಪ್ಪಿಲ್ಲ. ಬಿಡೂದು ಯಾವಾಗ ಅಂತ ನಾ ಆಕಿಗೆ ಕಲಿಸಿರಲಿಲ್ಲ.”

ಅವರು ಬರೆದುಕೊಂಡರು. ವೀಣಾ ರೇಣುಕಾಳ ಕಡೆ ಕೈ ಚಾಚಿದರು, ಅದೇ ಎಡಗೈ. ಶ್ರೀಪಾದ ದೂರು ಕೊಡುವುದಿಲ್ಲ ಎಂದರು. ಅವರು ಇಂದಿಗೂ ನನ್ನೊಂದಿಗೆ ಅಷ್ಟಕ್ಕಷ್ಟೇ.

ಎರಡು ತಿಂಗಳ ನಂತರ ವೀಣಾ ತರಗತಿಗೆ ಬಂದರು. ಧ್ವನಿ ಪೂರ್ತಿ ಮರಳಿತ್ತು. ರೇಣುಕಾ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಡೋಣಿಗೆ ಹಿಂತಿರುಗಿದಳು, ಗರಡಿಗೂ ಇಳಿಯುತ್ತಿಲ್ಲ ಎಂದು ಅವಳ ಚಿಕ್ಕವ್ವ ಹೇಳಿದರು. ಒಂದು ಶನಿವಾರ ಬಸ್ಸು ಹತ್ತಿ ಹೋದೆ. ಹನಮಪ್ಪನವರು ಗರಡಿಯ ಕಟ್ಟೆಯ ಮೇಲೆ ಕುಳಿತಿದ್ದರು. “ಬರ್ರಿ, ಕುಂಡ್ರಿ,” ಎಂದರು, ಧ್ವನಿಯಲ್ಲಿ ಬಿಸಿಯೂ ಇಲ್ಲ, ತಂಪೂ ಇಲ್ಲ. ಅವರೆದುರಿಗೇ ರೇಣುಕಾಳಿಗೆ, ತಪ್ಪು ನನ್ನದು, ಆಸ್ಪತ್ರೆಯಲ್ಲಿ ಆಡಿದ ಮಾತೂ ತಪ್ಪು, ತಿರುಗಿ ಬಾ ಎಂದೆ.

“ಯಾರದರೆ ಕೊರಳು ಹಿಡೀಬೇಕಂದ್ರ ಕೈ ನಡಗತಾವರಿ,” ಎಂದಳು ಅವಳು. “ಅವರು ಸಾಕು ಅಂದ್ರೂ ನನಗ ತಿಳೀದಿದ್ರ? ಕೈ ಬಿಡದಿದ್ರ?”

ಚಪ್ಪಲಿ ಕಳಚಿ ಗರಡಿಯ ಮಣ್ಣಿಗೆ ಇಳಿದು ಮಂಡಿಯೂರಿದೆ.

“ಹಿಡಿ. ನಾ ಬೆನ್ನು ತಟ್ಟೂದಿಲ್ಲ. ಬಾಯಿಲೆ ಸಾಕು ಅಂತೀನಿ.”

ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ಬಂದು ನನ್ನ ತಲೆಯನ್ನು ಕಂಕುಳಿಗೆ ತೆಗೆದುಕೊಂಡಳು. ಮೊದಲು ಸಡಿಲವಾಗಿ ಹಿಡಿದಳು. “ಖರೇನ ಹಿಡಿ,” ಎಂದೆ. ಬಿಗಿದಳು. ಕಿವಿಯೊಳಗೆ ನನ್ನದೇ ನಾಡಿಯ ಬಡಿತ ಕೇಳತೊಡಗಿತು. ಮೂವತ್ತು ವರ್ಷ ಸಾವಿರಾರು ಜನರಿಗೆ ಪಾಠ ಹೇಳಿದವಳು ನಾನು, ಶಿಷ್ಯರ ಕೈಗೆ ಒಂದು ಸಲವೂ ಕೊರಳು ಕೊಟ್ಟಿರಲಿಲ್ಲ. ಸಾಕು ಎನ್ನಲು ಬಾಯಿ ತೆರೆದೆ. ಆ ಮಾತು ಬರಲಿಲ್ಲ. ಉಸಿರು ಇತ್ತು, ಗಂಟಲೂ ಇತ್ತು. ನನ್ನ ವಯಸ್ಸು, ನನ್ನ ಬೆಲ್ಟು, ಕಟ್ಟೆಯ ಮೇಲೆ ನೋಡುತ್ತಿದ್ದ ಪೈಲ್ವಾನರು, ಇವೆಲ್ಲ ಅಡ್ಡ ನಿಂತಿದ್ದವು. ವೀಣಾ ನನ್ನ ತರಗತಿಗೆ ಯಾಕೆ ಬಂದಿದ್ದರು ಎಂಬುದು ಆಗ ಸರಿಯಾಗಿ ಅರ್ಥವಾಯಿತು. ಕಣ್ಣಂಚು ಕಪ್ಪಾಗುವುದಕ್ಕೆ ಮೊದಲು ಹೇಗೋ ಒದರಿದೆ.

“ಸಾಕು.”

ಕೈ ಆ ಕ್ಷಣವೇ ತೆರೆಯಿತು. ನಾನು ಮಣ್ಣಿಗೆ ಕೈಯೂರಿ ಕೆಮ್ಮಿದೆ. ರೇಣುಕಾ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು, ಅವು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು.

“ಕೈ ಬಿಟ್ವರಿ ಅಕ್ಕಾರ,” ಎಂದಳು.

ಮುಂದಿನ ಭಾನುವಾರದಿಂದ ನನ್ನ ತರಗತಿಯಲ್ಲಿ ಎರಡು ಸಾಲುಗಳಿಲ್ಲ. ಹಿಡಿಯುವುದನ್ನು ಕಲಿಸುವ ಮೊದಲು ಬಿಡುವುದನ್ನು ಕಲಿಸುತ್ತೇನೆ, ಇಬ್ಬರಿಗೂ ಒಟ್ಟಿಗೆ, ಒಂದೇ ಮಾತಿನಲ್ಲಿ. ಹೊಸಬರು ಯಾರೇ ಬಂದರೂ ಅವರು ಮೊದಲು ಹಿಡಿಯುವ ಕೊರಳು ನನ್ನದು.