ಇನ್ನೂ ಬರದ ನೋವಿಗೆ ಕೇಸ್ ಪೇಪರ್

"ಕ್ಯಾ ತಕಲೀಫ್ ಹೈ?" ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಬರೆಯುವವನು ತಲೆಯೆತ್ತದೆ ಕೇಳಿದ.

"ಸಿರ್ ದರ್ದ್," ಎಂದರು ನಮ್ಮ ಯಜಮಾನರು.

"ಅಭೀ ಹೈ?"

"ನಹೀ. ತೀನ್ ಬಜೇ ಆಯೇಗಾ."

ಈಗಿಲ್ಲದ, ಮೂರು ಗಂಟೆಗೆ ಬರಲಿರುವ ತಲೆನೋವು! ಆತ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ. ಇವರನ್ನು ಕರೆದೊಯ್ಯಬೇಕಾದ ಆಸ್ಪತ್ರೆಯೇ ಬೇರೆ ಎಂಬಂತೆ.

ನಿಮಗೂ ನಗು ಬಂತೇ? ಬರಲಿ. ಈ ನೋವು ವರ್ಷಕ್ಕೊಮ್ಮೆ ಬಂದು ಕೆಲವು ವಾರ ನಮ್ಮ ಮನೆಯಲ್ಲಿ ಠಿಕಾಣಿ ಹೂಡುತ್ತದೆ. ದಿನಾ ಮಧ್ಯಾಹ್ನ, ಅದೇ ಹೊತ್ತಿಗೆ. ವಿರಾರ್ ಲೋಕಲ್ ರೈಲಾದರೂ ತಡವಾದೀತು, ಇದು ಆಗುವುದಿಲ್ಲ. ಬಲಗಣ್ಣಿನ ಹಿಂದೆ ಯಾರೋ ಡಬ್ಬಣ ಚುಚ್ಚಿ ತಿರುವಿದ ಹಾಗೆ, ಅನ್ನುತ್ತಾರೆ ಇವರು. ಆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ಮಲಗಲಾರರು, ಕೂರಲಾರರು. ಎಂದೂ ದನಿಯೆತ್ತಿ ಮಾತಾಡದ ಮನುಷ್ಯ, ಚೀರುತ್ತ ಗೋಡೆಯಿಂದ ಗೋಡೆಗೆ ಓಡಾಡುತ್ತಾರೆ.

ಇದಕ್ಕೂ ತಲೆನೋವು ಅಂತಲೇ ಹೆಸರೇ?

ಹೆಸರು ಕೇಳಿದ್ದೇ ತಡ, ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನವರೆಲ್ಲ ಬಾಮ್, ಶುಂಠಿ ಕಷಾಯ, ಆಸ್ಪ್ರಿನ್ ಹಿಡಿದು ಬಂದರು. ಒಂದೂ ನಾಟಲಿಲ್ಲ. ಆದರೆ ಒಂದು ಗಂಟೆಯಲ್ಲಿ ನೋವು ತಾನಾಗಿ ಹೋಗುತ್ತದಲ್ಲ, ಆಗ ಯಾರ ಔಷಧಿ ಕೊನೆಯದೋ ಅವರಿಗೇ ಶ್ರೇಯಸ್ಸು. (ಕೆಳಗಿನ ಮನೆಯ ಮರಾಠಿ ವಹಿನಿ ಈಗಲೂ ತಮ್ಮ ಬಾಮಿನ ಗುಣಗಾನ ಮಾಡುತ್ತಾರೆ.) ಸ್ಪೆಷಲಿಸ್ಟ್ ಬರೆದುಕೊಟ್ಟ ಎರ್ಗೊಟಮಿನ್ ಮಾತ್ರೆಯ ಕಥೆಯೂ ಅಷ್ಟೇ. ಅದು ಕೆಲಸ ಶುರುಮಾಡುವಷ್ಟರಲ್ಲಿ ನೋವು ತನ್ನ ಡ್ಯೂಟಿ ಮುಗಿಸಿರುತ್ತದೆ. ನಮ್ಮ ಪಾಲಿಗೆ ಉಳಿಯುವುದು ವಾಂತಿ.

ಕೊನೆಗೆ ಕೈಹಿಡಿದದ್ದು ಆಕ್ಸಿಜನ್. ಓಪಿಡಿ ಸಾಲಿನಲ್ಲಿ ನಿಂತಿದ್ದಾಗಲೇ ಒಮ್ಮೆ ನೋವು ಬಂತು. ಇಂಥ ನೋವಿಗೆ ಆಕ್ಸಿಜನ್ ಆಗುತ್ತದೆಂದು ಎಲ್ಲೋ ಓದಿದ್ದ ಎಳೆಯ ಡಾಕ್ಟರೊಬ್ಬರು ಮಾಸ್ಕ್ ಹಾಕಿಸಿದರು. ಕಾಲು ಗಂಟೆಯಲ್ಲಿ ಇವರು ಎದ್ದು ಕೂತು ಚಹಾ ಕೇಳಿದರು. ನಾನು ಅತ್ತೇಬಿಟ್ಟೆ.

ಆದರೆ ಸಿಲಿಂಡರ್ ಇರುವುದು ಆಸ್ಪತ್ರೆಯಲ್ಲಿ, ನೋವು ಬರುವುದು ಮನೆಗೆ. ಲೋಕಲ್ ಹಿಡಿದು, ಬಸ್ ಹತ್ತಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. "ಏನೂ ಇಲ್ಲವಲ್ಲ" ಎಂದು ವಾಪಸ್ ಕಳಿಸುತ್ತಾರೆ. ಹಾಗಾಗಿ ಈಗ ಅರ್ಧ ದಿನ ರಜೆ ಹಾಕಿಸಿ ಮೊದಲೇ ಹೋಗಿ ಬೆಂಚಿನ ಮೇಲೆ ಕೂರುತ್ತೇವೆ. ಜನ ಡಾಕ್ಟರಿಗೆ ಕಾಯುತ್ತಾರೆ, ನಾವು ನೋವಿಗೆ.

ಮೊನ್ನೆ ಅದು ಹೇಳಿದ ಹೊತ್ತಿಗೇ ಬಂತು. ಆದರೆ ಮಾಸ್ಕ್ ಒಬ್ಬ ಅಜ್ಜಿಯ ಮೂಗಿನ ಮೇಲಿತ್ತು. ಎದೆ ತಿದಿಯಂತೆ ಏಳುತ್ತ ಬೀಳುತ್ತ ಇತ್ತು ಪಾಪ.

"ಇನ್ನೊಂದು ಸಿಲಿಂಡರ್ ಖಾಲಿ ಮಾರಾಯ್ರೆ," ಎಂದಳು ಉಡುಪಿ ಕಡೆಯ ನರ್ಸ್. "ಇವರದ್ದು ತೆಗೆದ್ರೆ ಜೀವ ಹೋಗ್ತದೆ."

"ಅವರಿಗೇ ಇರ್ಲಿ ಬಿಡ್ರಿ, ಸಿಸ್ಟರ್," ಎಂದರು ಇವರು, ಕಣ್ಣು ಒತ್ತಿಹಿಡಿದು. ಆಮೇಲೆ ಕಾರಿಡಾರಿಗೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡರು. ಕುಡುಕನೆಂದು ಜನ ದೂರ ಸರಿದರು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಆ ಅಜ್ಜಿಯ ಮೇಲೂ.

ಆ ದಾರಿಯಲ್ಲಿ ಬಂದ ಹಿರಿಯ ಡಾಕ್ಟರು ನನಗೆ ಸಮಾಧಾನ ಹೇಳಿದರು: ಗಾಬರಿಯಾಗಬೇಡಿ, ಇದರಿಂದ ಯಾರೂ ಸಾಯುವುದಿಲ್ಲ.

ಮನೆಯ ಮೆಟ್ಟಿಲು ಹತ್ತುವಾಗ ಇವರು ಮೆಲ್ಲಗೆ ಹೇಳಿದರು: "ನಾಳಿಂದ ಗ್ಯಾಲರಿ ಬಾಗಿಲಕ್ಕ ಕೀಲಿ ಹಾಕು. ನೋವು ಬಂದಾಗ ನಾ ಎಷ್ಟು ಬೇಡಿಕೊಂಡ್ರೂ ಕೀಲಿಕೈ ಕೊಡಬ್ಯಾಡ."

ನಮ್ಮದು ಮೂರನೇ ಮಾಳಿಗೆ, ಗ್ಯಾಲರಿಯ ಕಂಬಿ ಸೊಂಟದೆತ್ತರ. ಬೀಗ ಹಾಕಿದ್ದೇನೆ.

ಯಾರೂ ಸಾಯುವುದಿಲ್ಲ ಎಂದಿರಲ್ಲ ಡಾಕ್ಟರೇ, ಹಾಗಾದರೆ ನನ್ನ ಸೆರಗಿನ ಗಂಟಿನಲ್ಲಿ ಈ ಕೀಲಿಕೈ ಯಾಕಿದೆ?