ಸೂಜಿ ಮಿಕ್ಸ್ ಮೆಚ್ಚಿದ ಕಿವಿಗಳು

ಕೋವಿಡ್ ಕಾಲ ಕಳೆದು ಮದುವೆ, ಮೆರವಣಿಗೆಗಳು ಮತ್ತೆ ಶುರುವಾಗಿದ್ದ ವರ್ಷ ಅದು. ಚಿಕ್ಕೋಡಿಯ ಒಂದು ಖಾಸಗಿ ಕಿವಿ-ಮೂಗು-ಗಂಟಲು ಆಸ್ಪತ್ರೆಯಲ್ಲಿ ನಾನು ಆಡಿಯಾಲಜಿಸ್ಟ್ ಆಗಿದ್ದೆ. ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವವಳು. ಪುಟ್ಟ ಬೂತ್‌ನಲ್ಲಿ ರೋಗಿಯನ್ನು ಕೂರಿಸಿ, ಹೆಡ್‌ಫೋನ್ ತೊಡಿಸಿ, ಸಣ್ಣ ಸಣ್ಣ ಸ್ವರ ಕಳಿಸುತ್ತೇವೆ. ಕೇಳಿದಾಗ ಅವರು ಬೆರಳೆತ್ತಬೇಕು. ಬೂತ್‌ನೊಳಗೆ ಹೊರಗಿನ ಸದ್ದು ಬರುವುದೇ ಇಲ್ಲ ಎಂದು ಮಾರಿದವನು ಹೇಳಿದ್ದ. ಪಾಪ, ಅವನು ನಮ್ಮ ಕಡೆಯ ಡಿಜೆ ಲಾರಿ ಕಂಡಿರಲಿಲ್ಲ. ಲಾರಿ ಬಂದರೆ ಬೂತ್‌ನ ಗಾಜು ನಡುಗುತ್ತಿತ್ತು. ನಾನು ಡಿಜೆಯವರ ವಂಶವನ್ನೆಲ್ಲ ಬೈದುಕೊಳ್ಳುತ್ತ, ಮೆರವಣಿಗೆ ದಾಟುವವರೆಗೆ ಪರೀಕ್ಷೆ ನಿಲ್ಲಿಸಿ ಕೂರುತ್ತಿದ್ದೆ.

ಅಂಥ ಡಿಜೆಯೊಬ್ಬ ಒಂದು ದಿನ ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ನನ್ನೆದುರೇ ಬಂದು ಕುಳಿತ. ಉಗಾರ ಬುದ್ರುಕದವನು, ಮೂವತ್ತೂ ತುಂಬಿರಲಿಲ್ಲ. ಹೆಸರು ಬದಲಿಸಿ ಮಿಲಿಂದ ಎನ್ನುತ್ತೇನೆ. ಹೆಂಡತಿಯನ್ನು ಸುನೀತಾ ಎನ್ನೋಣ. ಮಾತು ತೆಗೆದವಳು ಅವಳೇ.

"ಮಗಳು ಹಿಂದಿಂದ ಪಪ್ಪಾ ಅಂತ ಕರದ್ರ ತಿರುಗಿ ನೋಡಂಗಿಲ್ರಿ ಮೇಡಮ್. ಟೀವಿ ದೊಡ್ಡದಾಗಿ ಹಚ್ತಾರ."

"ಅಕಿ ಮಾತು ಬಾಯಾಗ ನುಂಗತಾಳ್ರಿ," ಎಂದ ಮಿಲಿಂದ. "ನನ್ನ ಕಿವಿ ಕೆಟ್ಟಿದ್ರ ಇಷ್ಟು ಮಂದಿ ನನ್ನ ಮಿಕ್ಸ್ ಯಾಕ ಕೇಳ್ತಿದ್ರು?"

ಪ್ರಶ್ನೆ ಸರಿಯಾಗಿಯೇ ಇತ್ತು. ಮಿಲಿಂದ ಲಾರಿಗಳಲ್ಲಿ ಬಾರಿಸುವ ಮಿಕ್ಸ್‌ಗಳನ್ನು ಮನೆಯ ಕಂಪ್ಯೂಟರಿನಲ್ಲಿ ತಯಾರಿಸುತ್ತಿದ್ದ, ಮೆರವಣಿಗೆಗಳಲ್ಲಿ ತಾನೇ ಲಾರಿಯ ಮೇಲೆ ನಿಂತು ಬಾರಿಸುತ್ತಿದ್ದ. ಹಲಗಿಯ ಪೆಟ್ಟು, ಕಂಪ್ಯೂಟರ್ ತಾಳ, ನಡುನಡುವೆ ಯಾರದೋ ಕೂಗು ಸೇರಿಸಿದ ಕುಣಿತದ ಸಂಗೀತ. ಯಾವ ಪತ್ರಿಕೆಯೂ ಇವರ ಬಗ್ಗೆ ಬರೆಯಲಿಲ್ಲ, ಪೊಲೀಸರು ಮಾತ್ರ ಆಗಾಗ ಬರೆದುಕೊಂಡರು. ಇವರನ್ನು ಬೆಳೆಸಿದ್ದು ಮೊಬೈಲ್ ಹಿಡಿದ ಹುಡುಗ ಹುಡುಗಿಯರು. ಶುರುವಿನಲ್ಲಿ ಮಿಲಿಂದನ ವಾಟ್ಸಾಪ್ ಗುಂಪಿನಲ್ಲಿದ್ದವರು ಬೆರಳೆಣಿಕೆಯ ಮಂದಿ. ಕಾಗವಾಡದ ಒಬ್ಬ, ನಿಪ್ಪಾಣಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನೊಬ್ಬ, ರಾಯಬಾಗದಿಂದ ಇಚಲಕರಂಜಿಯ ಮಗ್ಗಕ್ಕೆ ದುಡಿಯಲು ಹೋದವನೊಬ್ಬ. ಗುಂಪು ನಡೆಸುತ್ತಿದ್ದವಳು ಅಥಣಿಯಲ್ಲಿ ಕಾಲೇಜು ಓದುತ್ತಿದ್ದ ಸುನೀತಾ. ಆಗಿನ್ನೂ ಅವರಿಬ್ಬರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಗುಂಪಿನವರು ಲಾರಿಯ ಮುಂದೆ ನಿಂತು ವಿಡಿಯೋ ತೆಗೆದು, ಕನ್ನಡದಲ್ಲೂ ಮರಾಠಿಯಲ್ಲೂ ಹೆಸರು ಬರೆದು ಯೂಟ್ಯೂಬಿಗೆ ಹಾಕಿದರು. ಮೀರಜದ ಸೌಂಡ್ ಮಾಲೀಕರು "ಹಾ ಮಿಕ್ಸ್ ಕುಣಾಚಾ?" ಎಂದು, ಇದು ಯಾರ ಮಿಕ್ಸ್ ಎಂದು ಹುಡುಕಿಕೊಂಡು ಫೋನ್ ಮಾಡತೊಡಗಿದರು. ಅವನ ಮಿಕ್ಸ್‌ಗಳಲ್ಲಿ ತಾರಕದ ಸದ್ದು ಚುಚ್ಚುವಂತಿರುತ್ತಿತ್ತು. ಡಿಜೆಯವರು ಅದನ್ನು ಟಾಪ್ ಎನ್ನುತ್ತಾರೆ. ಅಭಿಮಾನಿಗಳು ಅದಕ್ಕೆ 'ಸೂಜಿ ಮಿಕ್ಸ್' ಎಂದು ಹೆಸರಿಟ್ಟರು. ಉಳಿದ ಡಿಜೆಗಳೂ ಸೂಜಿಯ ಬೆನ್ನು ಬಿದ್ದರು.

ಪರೀಕ್ಷೆ ಮಾಡಿದೆ. ದಪ್ಪ ಸ್ವರಗಳಿಗೆಲ್ಲ ಅವನ ಬೆರಳು ಥಟ್ಟನೆ ಎದ್ದಿತು. ತಾರಕಕ್ಕೆ ಹೋದಂತೆ ಬೆರಳು ತೊಡೆಯ ಮೇಲೆಯೇ ಉಳಿಯಿತು. ಇಪ್ಪತ್ತೈದು ಡೆಸಿಬಲ್‌ನೊಳಗೆ ಕೇಳಿದರೆ ಕಿವಿ ನೆಟ್ಟಗಿದೆ ಎನ್ನುತ್ತೇವೆ. ನಾಲ್ಕು ಸಾವಿರ ಹರ್ಟ್ಜ್‌ನ ತಾರಕ ಸ್ವರ ಅವನಿಗೆ ಕೇಳಿಸಲು ಎಪ್ಪತ್ತು ಬೇಕಾಯಿತು. ಅತಿಯಾದ ಸದ್ದು ಮೊದಲು ತಿನ್ನುವುದು ಆ ಜಾಗವನ್ನೇ. ಒಳಕಿವಿಯ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಹಳೆಯದೊಂದು, ಹೊಸದೊಂದು ಮಿಕ್ಸ್ ಕೇಳಿಸು ಎಂದೆ. ಸುನೀತಾ ಮೊಬೈಲ್ ತೆಗೆದಳು. ಹಳೆಯದರಲ್ಲಿ ಹಲಗಿಯ ಜೊತೆ ಅವನ ಅಜ್ಜಿಯ ನಗು ಸೇರಿತ್ತು. ಬೈಯುತ್ತಿದ್ದ ನಾನೇ ಕಾಲು ಕುಣಿಸಿದೆ, ಒಪ್ಪಿಕೊಳ್ಳಬೇಕು. ಹೊಸದು ಶುರುವಾದ ಕೂಡಲೇ ನನ್ನ ಕೈ ತಾನಾಗಿ ಸದ್ದು ತಗ್ಗಿಸಿತು. ಮೂಲೆಯಲ್ಲಿ ಆಡುತ್ತಿದ್ದ ಮಗು ಗೋಡೆಗೆ ಮುಖ ಮಾಡಿ ಕಿವಿ ಮುಚ್ಚಿಕೊಂಡಿತು.

"ಟಾಪ್ ಯಾಕೆ ಹೀಗೆ ಏರಿಸುತ್ತ ಹೋದೆ?"

"ಸ್ಪೀಕರ್ ಮಂದ ಆಗ್ಯಾವು ಅನಸ್ತಿತ್ರಿ. ಹೆಡ್‌ಫೋನ್ ಬದಲ್ಸಿದೆ, ಸ್ಪೀಕರ್ ಬದಲ್ಸಿದೆ. ಏನ್ ಮಾಡಿದ್ರೂ ಮಂದನ."

ಊರೂರು ಹೊಗಳಿದ ಸೂಜಿ ಹುಟ್ಟಿದ್ದು ಹೀಗೆ. ಅವನಿಗೆ ಕೇಳಿಸದ್ದನ್ನು ಅವನು ಏರಿಸುತ್ತ ಹೋಗಿದ್ದ. ಅದನ್ನು ಅವನಿಗೆ ಬಿಡಿಸಿ ಹೇಳಿದೆ.

ಲಾರಿಯ ಮೇಲೆ ನಿಲ್ಲುವುದನ್ನು ಬಿಡದಿದ್ದರೆ ಉಳಿದದ್ದೂ ಹೋಗುತ್ತದೆ, ಮಾತು ಕೇಳಿಸಲು ಹಿಯರಿಂಗ್ ಏಡ್ ಹಾಕಿಕೋ ಎಂದೆ.

"ಮಷೀನ್ ಹಾಕ್ಕೊಂಡು ನಿಂತ್ರ ವಿಡಿಯೋ ಮಾಡಿ ಬಿಡ್ತಾರ್ರಿ. ಸೂಜಿ ಹೋದ್ರ ನಾನೂ ಹೋದಂಗ."

ಕೊನೆಗೆ ಒಂದು ಮಾತಿಗೆ ಒಪ್ಪಿದ. ಲಾರಿಯಿಂದ ಇಳಿಯುವುದು, ಮನೆಯಲ್ಲೇ ಮಿಕ್ಸ್ ಮಾಡುವುದು, ಟಾಪ್ ಎಷ್ಟಿರಬೇಕೆಂದು ಕಿವಿ ನೆಟ್ಟಗಿರುವವರನ್ನು ಕೇಳುವುದು. "ಸುನೀತಾನ ಹೇಳ್ತಾಳ ಬಿಡ್ರಿ. ನನ್ನ ಮಿಕ್ಸ್ ಮೊದಲು ಕೇಳಾಕಿ ಅಕಿನ," ಎಂದ. ಅವತ್ತು ಮೊದಲ ಸಲ ನಕ್ಕಿದ್ದ.

ಕೆಲವು ತಿಂಗಳ ನಂತರ ಹೊಸ ಮಿಕ್ಸ್ ಹಿಡಿದು ಮೂವರೂ ಬಂದರು. ಗುಂಪಿನಲ್ಲಿ ಎಲ್ಲರೂ ಮೆಚ್ಚಿದ್ದಾರೆ, ಹಳೆಯ ಅಭಿಮಾನಿಗಳಂತೂ ಸೂಜಿ ಮತ್ತೆ ಬಂತು ಎಂದು ಬರೆದಿದ್ದಾರೆ ಎಂದು ಸಂಭ್ರಮದಿಂದ ಹೇಳಿದ. ಮೊಬೈಲಿನಲ್ಲಿ ಅದನ್ನು ಹಚ್ಚಿದ. ಮೊದಲಿನಷ್ಟೇ ಚುಚ್ಚಿತು. ಟಾಪ್ ಎಲ್ಲಿ ನಿಲ್ಲಿಸಬೇಕೆಂದು ಹೇಳಿದ್ದು ಸುನೀತಾ.

ಅವನ ಕಡೆ ನೋಡದೆ ಅವಳನ್ನು ಬೂತ್‌ನೊಳಗೆ ಕೂರಿಸಿದೆ. ನಾಲ್ಕು ಸಾವಿರದ ಸ್ವರ ಕಳಿಸಿದೆ. ಏರಿಸಿದೆ, ಮತ್ತೆ ಏರಿಸಿದೆ. ಗಾಜಿನಾಚೆ ಅವಳು ಬೆರಳೆತ್ತಲು ಸಿದ್ಧಳಾಗಿ, ನನ್ನನ್ನೇ ನೋಡುತ್ತ, ಒಳ್ಳೆಯ ವಿದ್ಯಾರ್ಥಿನಿಯಂತೆ ಕಾಯುತ್ತಿದ್ದಳು. ಐವತ್ತು ದಾಟಿದ ಮೇಲೆ ಬೆರಳು ಎದ್ದಿತು.

ಕಾಲೇಜಿನ ದಿನಗಳಿಂದ ಅವಳೂ ಲಾರಿಯ ಮುಂದೆ ನಿಂತು ವಿಡಿಯೋ ತೆಗೆದಿದ್ದಳು, ಇಯರ್‌ಫೋನ್ ಹಾಕಿಕೊಂಡು ಅವನ ಮಿಕ್ಸ್ ಕೇಳುತ್ತಲೇ ಮಲಗಿದ್ದಳು. ಗುಂಪಿನ ಹಳಬರನ್ನೂ ಕಳಿಸಿ ಎಂದೆ. ಒಬ್ಬೊಬ್ಬರಾಗಿ ಬಂದರು. ಬಂದವರ ಕಿವಿಯಲ್ಲೆಲ್ಲ ಅದೇ ಜಾಗ ಕುಸಿದಿತ್ತು. ಚಲೋ ಐತಿ, ಇನ್ನೂ ಏರಸು ಎಂದು ವರ್ಷಗಟ್ಟಲೆ ಬರೆದವರು ಇವರೇ. ಪ್ರೀತಿಯಿಂದಲೇ ಬರೆದಿದ್ದರು.

ಮಿಲಿಂದ ಈಗ ಮಿಕ್ಸ್ ಮಾಡುವುದಿಲ್ಲ. ಕಾಗವಾಡದ ಹತ್ತಿರ ವೈರಿಂಗ್ ಕೆಲಸ ಮಾಡುತ್ತಾನೆ, ಹಿಯರಿಂಗ್ ಏಡ್ ಹಾಕುತ್ತಾನೆ. ಸೂಜಿ ಮಾತ್ರ ಬೇರೆಯವರ ಲಾರಿಗಳಲ್ಲಿ ಇವತ್ತಿಗೂ ನನ್ನ ಬೂತ್‌ನ ಗಾಜು ನಡುಗಿಸುತ್ತದೆ.

ಕಿವಿ ಮಂದವಾದವನಿಗೆ ಅದನ್ನು ತಿಳಿಸಬೇಕಾದವರು ಸುತ್ತಲಿನವರು. ಅವರೂ ಅದೇ ಸದ್ದಿನಲ್ಲಿ ನಿಂತವರಾದರೆ ತಿಳಿಸುವವರೇ ಇರುವುದಿಲ್ಲ. ಅಂದಿನಿಂದ ನಾನು ರೋಗಿಯ ಜೊತೆ ಬಂದವರನ್ನೂ ಬೂತ್‌ನಲ್ಲಿ ಕೂರಿಸುತ್ತೇನೆ.

ಆ ದಿನ ಬೂತ್‌ನಿಂದ ಹೊರಬಂದ ಸುನೀತಾ ಮಗಳನ್ನು ಎತ್ತಿಕೊಂಡು ಮೆಲ್ಲಗೆ ಹೇಳಿದಳು: "ಮಿಕ್ಸ್ ಹಚ್ಚಿದಾಗೆಲ್ಲ ಇಕಿ ಕಿವಿ ಮುಚ್ಕೊಂತಿದ್ಲು. ಪಪ್ಪನ ಹಾಡು ಇಕಿಗೆ ಸೇರಂಗಿಲ್ಲ ಅಂತ ತಿಳದಿದ್ವಿ."

"ಏನಂದಿ?" ಎಂದು ಕೇಳಿದ ಮಿಲಿಂದ.

ಅವಳು ಅದನ್ನೇ ಇನ್ನೊಮ್ಮೆ, ಜೋರಾಗಿ ಹೇಳಿದಳು.